ಮೇಷ್ಟ್ರ ಬಲಗೈ

ಹೋದ ವಾರ ಸೊಸೆ ತಂದಿದ್ದ ಹೂಕೋಸನ್ನು ಹೆಚ್ಚಲು ಈಳಿಗೆಯ ಮುಂದೆ ಕೂತಿದ್ದೆ. ಸಾಮಾನ್ಯವಾಗಿ ಅದನ್ನು ನಾನು ಕೈಯಿಂದ ಹೂ ಹೂವಾಗಿ ಬಿಡಿಸಿಕೊಳ್ಳುವವಳು. ಅಂದು ಯಾವ ಗುಂಗಿನಲ್ಲಿದ್ದೆನೋ, ಇಡೀ ಕೋಸನ್ನು ಈಳಿಗೆಗಿಟ್ಟು ನಟ್ಟನಡುವೆ ಎರಡು ಹೋಳು ಮಾಡಿಬಿಟ್ಟೆ. ಒಳಮೈ ಕಾಣಿಸಿತು. ಬುಡದಲ್ಲಿ ದಪ್ಪನೆಯ ಬಿಳಿ ಕಾಂಡ, ಅದರಿಂದ ಒಡೆದ ಕೊಂಬೆಗಳು, ಕೊಂಬೆಯಿಂದ ರೆಂಬೆಗಳು, ತುದಿಯುದ್ದಕ್ಕೂ ಒತ್ತೊತ್ತಾಗಿ ಮೊಗ್ಗುಗಳ ಅಂಚು... ಹಸಿ ಕೋಸಿನ ಘಾಟು ಮೂಗಿಗೆ ಬಂತು. ಅದರ ಜೊತೆಗೇ ಸೀಮೆಸುಣ್ಣದ ಧೂಳು, ಹಳೆಯ ಡೆಸ್ಕುಗಳ ಮರದ ವಾಸನೆ, ನಡುಗೋಡೆಯಾಚೆಯಿಂದ ಕೇಳಿಬರುತ್ತಿದ್ದ ಒಂದು ಧ್ವನಿ. ಈಳಿಗೆ ಮಡಿಸಿಟ್ಟೆ.

ಅದು ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಭದ್ರಾವತಿಯಲ್ಲಿತ್ತು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವ ಕೆಲಸದಲ್ಲಿದ್ದರು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ವರ್ಷವೇ ಶಿವಮೊಗ್ಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿ ಸೇರಿದೆ. ದಿನವೂ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸು. ಶಾಲೆಯದು ಹಂಚಿನ ಮಾಡಿನ ಉದ್ದನೆಯ ಕಟ್ಟಡ. ಕೋಣೆಗಳ ನಡುಗೋಡೆ ಮಾಡಿನವರೆಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಒಂದು ತರಗತಿಯ ಪಾಠ ಇನ್ನೊಂದಕ್ಕೆ ಕೇಳಿಸುತ್ತಿತ್ತು. ನನ್ನ ಕೋಣೆಯ ಪಕ್ಕದ್ದು ಸೈನ್ಸ್ ಮೇಷ್ಟ್ರದು.

ಅವರಿಗೆ ಆಗ ನಲವತ್ತೈದರ ಆಸುಪಾಸು. ಕಚ್ಚೆಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಕೋಟಿನ ಬಲತೋಳಿನ ಅಂಚು ಮಾತ್ರ ಯಾವಾಗಲೂ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತಿತ್ತು. ಸಂಸ್ಕೃತ ಪಂಡಿತರ ಮನೆತನದಲ್ಲಿ ಹುಟ್ಟಿ, ಅಪ್ಪನ ಮಾತು ಮೀರಿ ಪ್ರಾಣಿಶಾಸ್ತ್ರ ಓದಿದವರಂತೆ. ಕೋಟೆ ರಸ್ತೆಯ ಕಡೆ ಬಾಡಿಗೆ ಮನೆ. ಇಬ್ಬರು ಹೆಣ್ಣುಮಕ್ಕಳು ನಮ್ಮ ಶಾಲೆಯಲ್ಲೇ ಓದುತ್ತಿದ್ದರು. ಮೇಷ್ಟ್ರು ಮನೆಯಿಂದ ಶಾಲೆಗೆ ಸೈಕಲ್ಲಿನಲ್ಲಿ ನೆಟ್ಟಗೆ ಕೂತು ಬರುತ್ತಿದ್ದರು.

ಅವರು ಹಲಗೆಯ ಮೇಲೆ ಚಿತ್ರ ಬರೆಯುವುದನ್ನು ನೋಡಲೆಂದೇ ನಾನು ಬಿಡುವಿದ್ದಾಗ ಅವರ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮಕ್ಕಳ ಕಡೆ ಮುಖ ಮಾಡಿ ಮಾತಾಡುತ್ತ, ಕೈಯನ್ನು ಹಿಂದಕ್ಕೆ ಚಾಚಿ, ಒಂದೇ ಎಳೆತದಲ್ಲಿ ತಲೆಬುರುಡೆಯ ಗೆರೆ ಎಳೆದು ಮುಗಿಸುತ್ತಿದ್ದರು. ಶುರುವಾದ ಜಾಗಕ್ಕೇ ಬಂದು ಗೆರೆ ಕೂಡಿಕೊಳ್ಳುತ್ತಿತ್ತು.

ಮೆದುಳಿನ ಪಾಠದ ದಿನ ಅವರು ಕೈಚೀಲದಿಂದ ಒಂದು ಹೂಕೋಸು ತೆಗೆದರು. ಶಾಲೆಯ ಲ್ಯಾಬಿನಲ್ಲಿ ಬಾಟಲಿಯೊಳಗೆ ಕುರಿಯ ಮೆದುಳು ಇತ್ತು. ಅದನ್ನು ತೋರಿಸಿದರೆ ಅರ್ಧ ತರಗತಿ ಮಧ್ಯಾಹ್ನದ ಊಟ ಬಿಡುತ್ತದೆಂದು ಹೀಗೆ ಉಪಾಯ ಮಾಡಿದ್ದರು. ಕೋಸನ್ನು ಚಾಕುವಿನಿಂದ ಸೀಳಿ ಎತ್ತಿ ಹಿಡಿದರು. ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಕೆಳಗೆ, ಇನ್ನೊಂದು ಚಿಕ್ಕ ಮೆದುಳಿದೆ, ಪುಸ್ತಕದಲ್ಲಿ ಅದಕ್ಕೆ ಅನುಮಸ್ತಿಷ್ಕ ಅಂತ ಬರೆದಿದ್ದಾರೆ ಎಂದರು. ಎಡಕ್ಕೊಂದು ಬಲಕ್ಕೊಂದು ಉಬ್ಬು, ಅವೆರಡರ ನಡುವೆ ಹುಳುವಿನ ಮೈಯಂಥ ಒಂದು ಪಟ್ಟಿ. ಮೇಲೆಲ್ಲ ಸೀರೆಯ ನಿರಿಗೆಯಂತೆ ಸಣ್ಣ ಸಣ್ಣ ಮಡಿಕೆ. ಹೊರಗಿನ ಪದರ ಬೂದು ಬಣ್ಣ, ಕೊಯ್ದರೆ ಒಳಗೆ ಬಿಳಿಯ ಮರ. ಹಿಂದಿನ ಕಾಲದ ವೈದ್ಯರು ಅದನ್ನು ಕಂಡು ಜೀವವೃಕ್ಷ ಎಂದು ಹೆಸರಿಟ್ಟರಂತೆ.

ಆಮೇಲೆ ಅವರು ಹೇಳಿದ್ದು ನನಗೆ ಇವತ್ತಿಗೂ ಅವರ ಧ್ವನಿಯಲ್ಲೇ ಕೇಳಿಸುತ್ತದೆ. "ದೊಡ್ಡ ಮೆದುಳು ಲೋಟ ತಗೋ ಅಂತ ಹೇಳಿ ಸುಮ್ಮನಾಗುತ್ತೆ. ಕೈ ಎಷ್ಟು ದೂರ ಹೋಗ್ಬೇಕು, ಎಲ್ಲಿ ನಿಲ್ಬೇಕು, ಎಷ್ಟು ಬಿಗಿ ಹಿಡೀಬೇಕು, ಅದನ್ನೆಲ್ಲ ನೋಡ್ಕೊಳ್ಳೋದು ಹಿಂದೆ ಕೂತಿರೋ ಈ ಚಿಕ್ಕದು. ಕಣ್ಣು, ಒಳಕಿವಿ, ಕೀಲು, ಮಾಂಸ, ಎಲ್ಲಾ ಕಡೆಯಿಂದ ಅದಕ್ಕೆ ಸುದ್ದಿ ಬರ್ತಿರುತ್ತೆ. ಕೈ ತಪ್ಪೋಕೆ ಮುಂಚೆನೇ ಅದು ತಿದ್ದಿಬಿಡುತ್ತೆ. ಸರಿಯಾಗಿ ಕೆಲಸ ಮಾಡೋವಷ್ಟು ದಿನ ಅದು ಇದೆ ಅಂತಲೇ ಯಾರಿಗೂ ಗೊತ್ತಾಗಲ್ಲ."

ಮರುವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದಾಗ ಮೇಷ್ಟ್ರು ಬರಲಿಲ್ಲ. ಒಂದು ವಾರದ ರಜೆ ಚೀಟಿ ಬಂತು. ಬೆಳಿಗ್ಗೆ ಏಳುತ್ತಲೇ ಮನೆ ಗಿರ್ರನೆ ತಿರುಗಿ, ದಿನವಿಡೀ ವಾಂತಿಯಾಗಿ ಮಲಗಿದ್ದರಂತೆ. ಪಿತ್ತ ಕೆರಳಿದೆ ಎಂದು ಆಯುರ್ವೇದ ಪಂಡಿತರೊಬ್ಬರು ಕಷಾಯ ಕೊಟ್ಟಿದ್ದರು. ವಾರ ಕಳೆದು ಮೇಷ್ಟ್ರು ಬಂದರು. ಬಂದವರು ಸೈಕಲ್ ಹತ್ತಿರಲಿಲ್ಲ, ತಳ್ಳಿಕೊಂಡು ಬಂದಿದ್ದರು. ಇನ್ನೂ ನಿಶ್ಶಕ್ತಿ ಎಂದರು. ನಾವೂ ಹಾಗೇ ಅಂದುಕೊಂಡೆವು.

ಆದರೆ ತಿಂಗಳಾದರೂ ಅವರು ಸೈಕಲ್ ಹತ್ತಲಿಲ್ಲ. ನಡುಗೋಡೆಯಾಚೆಯಿಂದ ಬರುತ್ತಿದ್ದ ಧ್ವನಿಯೂ ಬದಲಾಗಿತ್ತು. ಸರಾಗವಾಗಿ ಹರಿಯುತ್ತಿದ್ದ ಮಾತು ಈಗ ಅಕ್ಷರ ಅಕ್ಷರವಾಗಿ ತುಂಡಾಗಿ ಬೀಳುತ್ತಿತ್ತು. ಎಲ್ಲ ಅಕ್ಷರಕ್ಕೂ ಒಂದೇ ತೂಕ. ನಡುವೆ ಎಲ್ಲೋ ತಡೆದು, ಮತ್ತೆ ಜೋರಾಗಿ ಹೊರಟು... ಹಲಗೆಯ ಮೇಲಿನ ಅಕ್ಷರಗಳು ದಪ್ಪವಾಗಿ ಅಂಕುಡೊಂಕಾದವು. ಚಿತ್ರ ಬರೆಯುವುದನ್ನು ಬಿಟ್ಟೇಬಿಟ್ಟರು. ಸ್ಟಾಫ್ ರೂಮಿನಲ್ಲಿ ಮಸಿ ಕುಡಿಕೆ ಎತ್ತಿಕೊಳ್ಳಲು ಹೋಗಿ ಹಾಜರಿ ಪುಸ್ತಕದ ಮೇಲೆಲ್ಲ ಚೆಲ್ಲಿದರು. ಕಾಫಿಯನ್ನು ಅರ್ಧ ಲೋಟ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಗೋಡೆ ಕಡೆ ತಿರುಗಿ ಕುಡಿಯುತ್ತಿದ್ದರು.

ಮಾತು ಯಾರ ಬಾಯಿಂದ ಮೊದಲು ಹೊರಟಿತೋ ತಿಳಿಯದು. ಮೇಷ್ಟ್ರು ಕುಡಿಯಲು ಶುರುಮಾಡಿದ್ದಾರೆ ಎಂದು ಒಬ್ಬರು ಪಿಸುಗುಟ್ಟಿದರು, ಬೆಳಿಗ್ಗೆಯೇ ಹಾಕಿಕೊಂಡು ಬರುತ್ತಾರೆ ಎಂದು ಇನ್ನೊಬ್ಬರು ಸೇರಿಸಿದರು. ಹುಡುಗರು ಅವರ ನಡಿಗೆ ಅಣಕಿಸತೊಡಗಿದರು. ಅವರ ಹಿರಿಯ ಮಗಳು ಆಟದ ಬಿಡುವಿನಲ್ಲಿ ಹೊರಗೆ ಬರುವುದನ್ನೇ ನಿಲ್ಲಿಸಿದಳು.

ಒಂದು ದಿನ ರೈಲಿಳಿದು ಶಾಲೆಗೆ ನಡೆಯುತ್ತಿದ್ದೆ. ಗಾಂಧಿ ಬಜಾರಿನ ಹತ್ತಿರ ಮುಂದೆ ಮೇಷ್ಟ್ರು ಹೋಗುತ್ತಿದ್ದುದು ಕಂಡಿತು. ಕಾಲುಗಳನ್ನು ಅಗಲ ಮಾಡಿ ಇಡುತ್ತ, ಸೈಕಲ್ಲಿನ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಮತ್ತೆ ಮತ್ತೆ ಬಲಕ್ಕೆ ವಾಲುತ್ತಿದ್ದರು. ಒಂದು ಗಾಡಿಗೆ ದಾರಿ ಬಿಡಲು ಹೋಗಿ ಸೈಕಲ್ ಸಮೇತ ತೂರಾಡಿ, ಒಂದು ಸೈಕಲ್ ಶಾಪಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಅಂಗಡಿಯ ಸಾಹೇಬರು ಒಳಗಿನಿಂದ ಏನೋ ಲೋಟದಲ್ಲಿ ತಂದು ಕೊಟ್ಟರು. ಎದುರು ಅಂಗಡಿಯವರು ನಗುತ್ತಿದ್ದರು. ನನಗೆ ನಾಚಿಕೆಯಾಯಿತು. ಸೆರಗು ಎಳೆದುಕೊಂಡು ರಸ್ತೆಯ ಆಚೆ ಬದಿಗೆ ಸರಿದು ಬೇಗ ಬೇಗ ನಡೆದುಬಿಟ್ಟೆ.

ಅದೇ ವಾರ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಬಜಾರಿನಲ್ಲಿ ಕಂಡದ್ದನ್ನು ನಾನು ಸ್ಟಾಫ್ ರೂಮಿನಲ್ಲಿ ಆಡಿದ್ದು ಅವರ ಕಿವಿಗೆ ಬಿದ್ದಿತ್ತು. ಅವರು ಕೆಟ್ಟವರಲ್ಲ, ಶಾಲೆಯ ಕಮಿಟಿಗೆ ಹೆದರುವವರು. ಪೋಷಕರಿಂದ ದೂರು ಬಂದಿದೆ, ಕಣ್ಣಾರೆ ಕಂಡವರೊಬ್ಬರು ಬರೆದುಕೊಟ್ಟರೆ ವಿಚಾರಿಸಬಹುದು ಎಂದರು. ನಾನು ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕೂತು ಎರಡು ವಾಕ್ಯ ಬರೆದೆ. ಬಜಾರಿನ ಬೀದಿಯಲ್ಲಿ ಮೇಷ್ಟ್ರು ತೂರಾಡಿ ಬಿದ್ದದ್ದನ್ನು ನೋಡಿದೆನೆಂದು ಮೊದಲನೆಯದು. ಅವರು ಮದ್ಯಪಾನ ಮಾಡಿದ್ದರೆಂದು ಎರಡನೆಯದು. ಸಹಿ ಹಾಕಿದೆ. ಅಕ್ಷರ ದುಂಡಾಗಿತ್ತು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ಟರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಕಮಿಟಿಯ ಅಧ್ಯಕ್ಷರಾಗಿದ್ದ ಅಡಿಕೆ ಮಂಡಿ ಯಜಮಾನರು, ಸದಸ್ಯರಾಗಿದ್ದ ಒಬ್ಬ ವಕೀಲರು, ಹೆಡ್‌ಮಾಸ್ಟರು, ನಾನು. ಎದುರಿನ ಕುರ್ಚಿಯಲ್ಲಿ ಸೈನ್ಸ್ ಮೇಷ್ಟ್ರು. ವಕೀಲರು ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. ನಾನು ನೆಲ ನೋಡುತ್ತ ಕೂತಿದ್ದೆ. ಏನು ಹೇಳುತ್ತೀರಿ ಎಂದು ಯಜಮಾನರು ಕೇಳಿದರು.

ಮೇಷ್ಟ್ರು ಅಕ್ಷರ ಅಕ್ಷರ ಬಿಡಿಸಿ ನಿಧಾನವಾಗಿ ಹೇಳಿದರು. "ಮೊದಲನೇ ವಾಕ್ಯ ನಿಜ. ಟೀಚರ್ ಕಣ್ಣಲ್ಲಿ ಕಂಡಿದ್ದು. ಎರಡನೇದು ಅವರ ಊಹೆ. ಅದಕ್ಕೆ ನಂಗೆ ಹತ್ತು ನಿಮಿಷ ಕೊಡಿ."

ಎದ್ದು ನಿಂತು, ಪೆನ್ನನ್ನು ಮುಂದೆ ನೆಟ್ಟಗೆ ಹಿಡಿಯುವಂತೆ ಯಜಮಾನರನ್ನು ಕೇಳಿಕೊಂಡರು. ಎಡಗೈಯ ತೋರುಬೆರಳಿನಿಂದ ತಮ್ಮ ಮೂಗಿನ ತುದಿ ಮುಟ್ಟಿ, ಆಮೇಲೆ ಪೆನ್ನಿನ ತುದಿ ಮುಟ್ಟಿದರು. ಮೂರು ಸಲ ಮಾಡಿದರು, ಮೂರು ಸಲವೂ ಬೆರಳು ಗುರಿಗೆ ಸರಿಯಾಗಿ ಹೋಯಿತು. ಆಮೇಲೆ ಬಲಗೈ ಎತ್ತಿದರು. ಹೊರಟಾಗ ಸುಮ್ಮನಿದ್ದ ಬೆರಳು ಪೆನ್ನಿನ ಸಮೀಪಕ್ಕೆ ಹೋದ ಹಾಗೆಲ್ಲ ಹೆಚ್ಚು ಹೆಚ್ಚು ಹೊಯ್ದಾಡಿತು. ಗುರಿ ದಾಟಿ ಹೋಗಿ ಯಜಮಾನರ ಕನ್ನಡಕಕ್ಕೆ ತಗುಲಿತು. ವಾಪಸು ಬರುವಾಗ ತಮ್ಮ ಕೆನ್ನೆಗೇ ಬಡಿದುಕೊಂಡರು. ಮೂರು ಸಲವೂ ಹಾಗೇ. ನಂತರ ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು ಬೇಗ ಬೇಗ ಮಗುಚಿ ತೋರಿಸಿದರು. ಎಡಗೈ ತಾಳ ಹಾಕಿದ ಹಾಗೆ ಮಗುಚಿತು. ಬಲಗೈ ಗೊಂದಲಕ್ಕೆ ಬಿದ್ದು ಪಕ್ಕಕ್ಕೆ ಜಾರಿಹೋಯಿತು.

"ಹೆಂಡ ಕುಡಿದ್ರೆ ಎರಡೂ ಕೈ ಕೆಡುತ್ತೆ, ಹೊತ್ತು ಕಳೆದ್ರೆ ಇಳಿಯುತ್ತೆ. ನನ್ನದು ಹಾಸಿಗೆಯಿಂದ ಏಳೋವಾಗಲೂ ಇರುತ್ತೆ, ಮಲಗೋವಾಗಲೂ ಇರುತ್ತೆ. ಬಲಗಡೆಗೆ ಮಾತ್ರ ಇದೆ. ದೊಡ್ಡ ಮೆದುಳಿನಲ್ಲಾದ್ರೆ ಎಡದ ಪೆಟ್ಟು ಬಲಗೈಗೆ ಕಾಣ್ಸುತ್ತೆ. ಚಿಕ್ಕ ಮೆದುಳಲ್ಲಿ ಹಾಗಲ್ಲ, ಬಲದ್ದು ಬಲಕ್ಕೇ." ತಲೆಯ ಹಿಂಭಾಗ, ಬಲಗಿವಿಯ ಹಿಂದಿನ ಜಾಗವನ್ನು ಎಡಗೈಯಿಂದ ಮುಟ್ಟಿ ತೋರಿಸಿದರು. "ಇಲ್ಲಿ ಏನೋ ಆಗಿದೆ. ಹದಿನೆಂಟು ವರ್ಷ ಪಾಠ ಮಾಡಿದೀನಿ. ಕನ್ನಡಿ ಮುಂದೆ ನಿಂತು ಎರಡನೇ ದಿನವೇ ತಿಳ್ಕೊಂಡೆ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ರೆ?" ಎಂದರು.

"ಹಲಗೆ ಮೇಲೆ ಬರೆಯೋಕೆ ಬಾರದ ಮೇಷ್ಟ್ರನ್ನ ಯಾರು ಇಟ್ಕೋತಾರೆ ಸ್ವಾಮಿ? ಇಬ್ಬರು ಮಕ್ಕಳು ಓದ್ತಿದಾರೆ."

ಕಮಿಟಿಯವರೇ ಅವರನ್ನು ಸರ್ಕಾರಿ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಮೇಷ್ಟ್ರು ಹೇಳಿದ ಜಾಗವನ್ನೇ ಹೇಳಿದರಂತೆ. ತಲೆ ತಿರುಗಿ ಬಿದ್ದ ದಿನ ಅಲ್ಲಿಗೆ ಹೋಗುವ ರಕ್ತನಾಳವೊಂದು ಕಟ್ಟಿಕೊಂಡಿರಬೇಕು, ಆಗಬಾರದ್ದು ಅವತ್ತೇ ಆಗಿ ಮುಗಿದಿದೆ, ಅದಕ್ಕೆ ಔಷಧವಿಲ್ಲ, ಉಳಿದದ್ದನ್ನು ಪಳಗಿಸಿಕೊಳ್ಳಬೇಕು ಎಂದರು. ಕುಡಿತದ ಆಪಾದನೆ ಅಲ್ಲಿಗೆ ಬಿದ್ದುಹೋಯಿತು. ಆದರೆ ಕೆಲಸದ ಪ್ರಶ್ನೆ ಉಳಿಯಿತು. ಹಲಗೆ ಬಳಸದೆ ಸೈನ್ಸ್ ಹೇಳಿಕೊಡಲಾಗದೆಂದು ವಕೀಲರು ಹಟ ಹಿಡಿದರು. ಒಂದು ತಿಂಗಳು ನೋಡೋಣ ಎಂದು ಯಜಮಾನರು ತೀರ್ಮಾನ ಕೊಟ್ಟರು.

ಆ ತೀರ್ಮಾನ ಬಂದ ಮೇಲಿನ ಸೋಮವಾರ ಬೆಳಿಗ್ಗೆ ನಾನು ಸೈಕಲ್ ಶಾಪಿನ ಮುಂದೆ ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಸಾಹೇಬರು ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದರು. ಅವತ್ತು ಲೋಟದಲ್ಲಿ ಮೇಷ್ಟ್ರಿಗೆ ಏನು ಕೊಟ್ಟಿರಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. "ಪಾನಿ. ಬರೀ ನೀರು, ದಿನಾ ಕೊಡ್ತೀನಿ. ಆ ಸೈಕಲ್ಲಿನ ಹ್ಯಾಂಡಲ್ ಬಿಗಿ ಮಾಡಿ, ಕ್ಯಾರಿಯರಿಗೆ ಕಲ್ಲು ಕಟ್ಟಿಕೊಟ್ಟಿದ್ದೂ ನಾನೇ. ಹಿಡ್ಕೊಂಡು ನಡೆಯೋಕೆ ಅವರಿಗೆ ಅದೇ ಆಧಾರ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ ಅಲ್ವಾ ಟೀಚರಮ್ಮ." ಅಷ್ಟು ಹೇಳಿ ಮತ್ತೆ ಟ್ಯೂಬಿನ ಕಡೆ ಬಗ್ಗಿದರು.

ಆ ಮಾತು ದಿನವಿಡೀ ಎದೆಯಲ್ಲಿ ಕೂತಿತ್ತು. ಸಂಜೆ ಶಾಲೆ ಖಾಲಿಯಾದ ಮೇಲೆ ಮೇಷ್ಟ್ರ ತರಗತಿಗೆ ಹೋದೆ. ಅವರು ಹಲಗೆಯ ಮುಂದೆ ನಿಂತು ಎಡಗೈಯಲ್ಲಿ ಅ ಆ ಇ ಈ ತಿದ್ದುತ್ತಿದ್ದರು. ಒಂದನೇ ಕ್ಲಾಸಿನ ಮಗು ಬರೆದ ಹಾಗಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನಕ್ಕರು. "ನಿಮ್ಮ ಮೊದಲನೇ ವಾಕ್ಯ ಚೆನ್ನಾಗಿತ್ತು ಟೀಚರ್. ಅಲ್ಲೇ ಫುಲ್‌ಸ್ಟಾಪ್ ಹಾಕ್ಬೇಕಿತ್ತು." ಅದೊಂದೇ ಮಾತು. ಮುಂದೆ ಎಂದೂ ಆ ವಿಷಯ ಎತ್ತಲಿಲ್ಲ.

ಹಲಗೆಯ ಮೇಲೆ ನಾನೇ ಬರೆದುಕೊಡುತ್ತೇನೆ ಎಂದೆ. ಬೇಡವೆಂದರು. ಬೇರೊಂದು ಸಂಗತಿ ಹೇಳಿದರು. ಲ್ಯಾಬಿನ ಬೀಗದ ಕೈಗೊಂಚಲು ಬಲ ಮಣಿಕಟ್ಟಿಗೆ ನೇತುಹಾಕಿಕೊಂಡಾಗ ಕೈಯ ಹೊಯ್ದಾಟ ಸ್ವಲ್ಪ ತಗ್ಗುತ್ತದೆ, ತೂಕವಿದ್ದರೆ ಕೈ ಹಾರುವುದು ಕಡಿಮೆಯಾಗುತ್ತದೆ, ಆದರೆ ಗೊಂಚಲು ಅಲ್ಲಾಡಿ ಸದ್ದು ಮಾಡುತ್ತದೆ ಎಂದರು. ನಾನು ರಿಬ್ಬನ್ನಿನಿಂದ ಅವರ ಮಣಿಕಟ್ಟಿನ ಅಳತೆ ತೆಗೆದುಕೊಂಡೆ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಕಾಗದ ಬರೆದುಕೊಟ್ಟದ್ದನ್ನೂ. ಅಪ್ಪ ಬಯ್ಯಲಿಲ್ಲ. ಊಟ ಮಾಡುತ್ತಿದ್ದವರು ತಟ್ಟೆ ನೋಡುತ್ತ, ಎಷ್ಟು ತೂಕ ಬೇಕಂತೆ ಎಂದು ಕೇಳಿದರು. ಕಾರ್ಖಾನೆಯ ಪಾಳಿ ಮುಗಿಸಿ ಬಂದು, ನಮ್ಮ ಬೀದಿಯ ಕಮ್ಮಾರನ ಕುಲುಮೆಯಲ್ಲಿ ಕೂತು ಕಬ್ಬಿಣದ ಪಟ್ಟಿಯೊಂದನ್ನು ಬಳೆಯಂತೆ ಬಗ್ಗಿಸಿ, ಒಳಗೆ ಚರ್ಮ ಹೊಲಿಸಿದರು. ಮೊದಲನೆಯದು ಭಾರವಾಗಿ ಮೇಷ್ಟ್ರ ಭುಜ ನೋಯಿತು. ಎರಡನೆಯದು ಸಾಲದಾಯಿತು. ಪ್ರತಿ ಸಲವೂ ಅದನ್ನು ಕೈಚೀಲದಲ್ಲಿಟ್ಟುಕೊಂಡು ರೈಲಿನಲ್ಲಿ ಹೋಗಿ ಬಂದೆ. ಮೂರನೆಯದನ್ನು ತೊಟ್ಟು ಮೇಷ್ಟ್ರು ನನ್ನ ಪೆನ್ನಿನ ತುದಿ ಮುಟ್ಟಿದರು. ಬೆರಳು ನಡುಗಿತು, ಆದರೆ ಮುಟ್ಟಿತು. ಅವರು ಎರಡನೆಯ ಸಲ ಮುಟ್ಟಿ ನೋಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆ ತಿಂಗಳು ಅವರು ಪಟ್ಟ ಶ್ರಮವನ್ನು ನಾನು ನಡುಗೋಡೆಯ ಈಚೆಯಿಂದ ದಿನವೂ ಕೇಳಿದ್ದೇನೆ. ಮಾತನ್ನು ಉಸಿರಿಗೆ ಹೊಂದಿಸಿಕೊಂಡು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಆಡಲು ಕಲಿತರು. ಸೀಮೆಸುಣ್ಣ ಮುರಿದು ನೆಲಕ್ಕೆ ಬೀಳುವ ಸದ್ದು, ಮತ್ತೆ ಗೀಚುವ ಸದ್ದು... ಮಕ್ಕಳಿಗೆ ಅವರು ಏನನ್ನೂ ಮುಚ್ಚಿಡಲಿಲ್ಲ. ಚಿಕ್ಕ ಮೆದುಳು ಕೆಲಸ ನಿಲ್ಲಿಸಿದರೆ ಏನಾಗುತ್ತದೆಂದು ಪುಸ್ತಕದಲ್ಲಿ ಎರಡು ಸಾಲು ಇದೆ, ಮಿಕ್ಕದ್ದನ್ನು ನನ್ನನ್ನು ನೋಡಿ ಕಲಿಯಿರಿ ಎಂದು ತಮ್ಮ ಕೈಯನ್ನೇ ತೋರಿಸಿದರು. ಅಣಕಿಸುತ್ತಿದ್ದ ಹುಡುಗರೇ ಸರದಿಯ ಮೇಲೆ ಬಂದು ಪೆನ್ಸಿಲ್ ಹಿಡಿದು ನಿಂತು ಅವರಿಗೆ ಅಭ್ಯಾಸ ಮಾಡಿಸುವಂತಾಯಿತು.

ತಿಂಗಳ ಕೊನೆಗೆ ಯಜಮಾನರು ಹೇಳದೆ ಕೇಳದೆ ಬಂದು ಕೊನೆಯ ಬೆಂಚಿನಲ್ಲಿ ಹುಡುಗರ ನಡುವೆ ಕೂತರು. ಮೇಷ್ಟ್ರು ಅವತ್ತು ಮೆದುಳಿನ ಚಿತ್ರ ಬರೆದರು. ಎಡಗೈಯಲ್ಲಿ ಹೊರಗೆರೆ, ಬಳೆ ತೊಟ್ಟ ಬಲಗೈಯಲ್ಲಿ ಭಾಗಗಳ ಹೆಸರು. ಇಡೀ ಪೀರಿಯಡ್ಡು ಅದಕ್ಕೇ ಹಿಡಿಯಿತು. ಗೆರೆ ಎರಡು ಕಡೆ ತಪ್ಪಿತು, ಅಳಿಸಿ ಮತ್ತೆ ಎಳೆದರು. ಗಂಟೆ ಹೊಡೆದರೂ ಒಂದು ಮಗುವೂ ಏಳಲಿಲ್ಲ. ಕೊನೆಯ ಅಕ್ಷರ ಮುಗಿದ ಮೇಲೆ ಯಜಮಾನರು ಎದ್ದು ಹೊರಗೆ ಬಂದು, ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರಿಗೆ ಹೇಳಿದರು. "ಇರ್ಲಿ ಬಿಡ್ರೀ. ಇಂಥವರು ಎಲ್ಲಿ ಸಿಗ್ತಾರೆ."

ಮೇಷ್ಟ್ರು ಅಲ್ಲೇ ಇನ್ನೂ ಆರು ವರ್ಷ ಪಾಠ ಮಾಡಿದರು. ಸೈಕಲ್ಲನ್ನು ಮತ್ತೆ ಹತ್ತಲಾಗಲಿಲ್ಲ, ತಳ್ಳುತ್ತಲೇ ಬಂದರು. ಅವರ ಅಕ್ಷರ ಕೊನೆಯವರೆಗೂ ಮೊದಲಿನಂತಾಗಲಿಲ್ಲ. ಹಿರಿಯ ಮಗಳು ಬಿ.ಎಸ್ಸಿ. ಓದಿ ಟೀಚರ್ ಆದಳು. ನಾನು ಮದುವೆಯಾಗಿ ಹೊಳೆಹೊನ್ನೂರಿಗೆ ಹೋದೆ, ಅಲ್ಲಿನ ಶಾಲೆ ಸೇರಿದೆ. ಅರವತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ಎರಡನೆಯ ಸಲ ತಲೆ ತಿರುಗಿ ಬಿದ್ದವರು ಏಳಲಿಲ್ಲವಂತೆ. ನನಗೆ ಕಾಗದ ತಲುಪುವ ಹೊತ್ತಿಗೆ ಹದಿಮೂರನೇ ದಿನವೂ ಕಳೆದಿತ್ತು.

ಹೋದ ವರ್ಷ ಶಿವಮೊಗ್ಗದ ಆಲ್ಕೊಳದ ಹತ್ತಿರದ ಒಂದು ಛತ್ರಕ್ಕೆ ಮದುವೆಗೆಂದು ಹೋಗಿದ್ದೆ. ತಲೆಯೆಲ್ಲ ನೆರೆತ ಒಬ್ಬರು ಬಂದು ಕಾಲಿಗೆ ನಮಸ್ಕಾರ ಮಾಡಿದರು. ಆ ಶಾಲೆಯ ಹಳೆಯ ವಿದ್ಯಾರ್ಥಿ, ಮೇಷ್ಟ್ರಿಗೆ ಕಾಯಿಲೆಯಾದ ವರ್ಷವೇ ಶಾಲೆ ಬಿಟ್ಟು ಬೇರೆ ಊರಿಗೆ ಹೋದವರು. ಪಕ್ಕದಲ್ಲಿ ಕೂತು ಶಾಲೆಯ ಮಾತೆತ್ತಿದರು. ಸೈನ್ಸ್ ಮೇಷ್ಟ್ರನ್ನು ಬಹಳ ಹೊಗಳಿದರು, ಅಂಥ ಪಾಠ ಮತ್ತೆ ಕೇಳಲಿಲ್ಲ ಎಂದರು. ಆಮೇಲೆ ಧ್ವನಿ ತಗ್ಗಿಸಿ, ಮರುಕದಿಂದಲೇ ಕೇಳಿದರು. "ಪಾಪ, ಕೊನೆಗೆ ಕುಡಿತಕ್ಕೆ ಬಿದ್ದುಬಿಟ್ರಂತಲ್ಲ ಟೀಚರ್?"

ಅರವತ್ತು ವರ್ಷವಾದರೂ ಆ ಮಾತು ಸತ್ತಿರಲಿಲ್ಲ. ಅಂದು ಹೆಡ್‌ಮಾಸ್ಟರ ಕೋಣೆಯಲ್ಲಿದ್ದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಬೆರಳು ಚಾಚಿ ತೋರಿಸಲು ಮೇಷ್ಟ್ರಿಲ್ಲ, ಯಜಮಾನರಿಲ್ಲ, ಪಾನಿ ಕೊಟ್ಟ ಸಾಹೇಬರಿಲ್ಲ... ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಯಾರೋ ಕರೆದರು. ಏಳಲು ಹೊರಟ ಅವರ ಕೈ ಹಿಡಿದು ಕೂರಿಸಿದೆ.

"ಇಲ್ಲಪ್ಪ, ಅವರು ಕುಡೀತಿರ್ಲಿಲ್ಲ. ಹಾಗಂತ ಬರೆದುಕೊಟ್ಟವಳು ನಾನು," ಎಂದು ಮೊದಲಿನಿಂದ ಹೇಳತೊಡಗಿದೆ.